ತೋಟ ಮಾರಬೇಡಿ



ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಚನ್ನಗಿರಿ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಹುಡುಗಿ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್‌ಸಿ. ಮುಗಿಸಿದ್ದಾಳೆ. ಅವಳಿಗೆ ಪಾಠ ಹೇಳಿದ ಅಧ್ಯಾಪಕಿ ನನ್ನ ಹಳೆಯ ವಿದ್ಯಾರ್ಥಿನಿ. ಆ ಪರಿಚಯದ ಮೇಲೆ ಬಂದವರು. ಅಪ್ಪ ಕೈಚೀಲದಿಂದ ಒಂದು ಚಿಪ್ಪು ಬಾಳೆಹಣ್ಣು ತೆಗೆದು ಟೀಪಾಯಿಯ ಮೇಲಿಟ್ಟರು, ಕೊಟ್ಟ ನೀರು ಕುಡಿದರು, ಆಮೇಲೆ ಮಾತಿಗೆ ಬಂದರು.

“ಮೇಡಂ, ಇವಳು ಅಮೆರಿಕದಾಗೆ ಪಿಎಚ್‌.ಡಿ. ಮಾಡ್ತೀನಿ ಅಂತಾಳೆ. ನಮ್ದು ಒಂದೂವರೆ ಎಕರೆ ಅಡಿಕೆ ತೋಟ ಐತೆ. ಅರ್ಧ ಮಾರಿದ್ರೆ ಸಾಕಾಗ್ತದಾ, ಪೂರ್ತಿ ಮಾರ್ಬೇಕಾ?”

ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಆ ತೋಟದ ಕಥೆ ಆಮೇಲೆ ಅವಳೇ ಹೇಳಿದಳು. ಮಳೆ ಕೈಕೊಟ್ಟ ವರ್ಷ ಬೋರು ಬತ್ತಿ, ಅವಳ ಅಮ್ಮ ಕೊಡದಲ್ಲಿ ನೀರು ಹೊತ್ತು ಎಳೆಯ ಸಸಿಗಳನ್ನು ಉಳಿಸಿಕೊಂಡಿದ್ದರಂತೆ. ಅಡಿಕೆ ಸಸಿ ನೆಟ್ಟ ಮೇಲೆ ಫಸಲು ಕಾಣಲು ಐದಾರು ವರ್ಷ ಬೇಕು ಎಂಬುದು ಮಲೆನಾಡಿನ ಸೆರಗಿನಲ್ಲಿರುವ ಯಾರಿಗೂ ಗೊತ್ತಿರುವ ಮಾತು. ಆ ಐದಾರು ವರ್ಷದ ಬೆವರನ್ನು ಮಗಳ ಇನ್ನೊಂದು ಐದಾರು ವರ್ಷಕ್ಕಾಗಿ ಸುರಿಯಲು ಆ ಮನುಷ್ಯ ಸಿದ್ಧವಾಗಿ ಬಂದಿದ್ದರು.

“ಯಜಮಾನರೇ, ತೋಟ ಮಾರಬೇಡಿ,” ಅಂದೆ. “ಒಂದು ಗುಂಟೆಯನ್ನೂ ಮಾರಬೇಡಿ.” ಅವರು ನನ್ನನ್ನೇ ನೋಡಿದರು. ಹಣವಿಲ್ಲದೆ ಹೊರದೇಶದ ಓದು ಹೇಗೆ ಸಾಧ್ಯ ಎಂಬ ಅನುಮಾನ ಅವರ ಮುಖದಲ್ಲಿತ್ತು. ಅವತ್ತು ಅವರಿಗೆ ಒಂದೂವರೆ ಗಂಟೆ ಹೇಳಿದ್ದನ್ನೇ ಇವತ್ತು ನಿಮ್ಮೆಲ್ಲರ ಮುಂದೆ ಹೇಳಬೇಕೆಂದು ಬಂದಿದ್ದೇನೆ. ಅಂಥ ಅಪ್ಪಂದಿರು ಇನ್ನೂ ಎಷ್ಟೋ ಊರುಗಳಲ್ಲಿ ಇದೇ ಲೆಕ್ಕ ಹಾಕುತ್ತ ಕೂತಿರುತ್ತಾರೆ.

ಕನ್ನಡದಲ್ಲಿ ನಾವು ‘ವಿದ್ಯಾರ್ಥಿವೇತನ’ ಅನ್ನುತ್ತೇವೆ. ದಾನ ಅನ್ನುವುದಿಲ್ಲ, ಧರ್ಮ ಅನ್ನುವುದಿಲ್ಲ, ವೇತನ ಅನ್ನುತ್ತೇವೆ. ಈ ಪದವನ್ನು ಯಾರೇ ಕಟ್ಟಿರಲಿ, ಅವರಿಗೆ ಕೈಮುಗಿಯಬೇಕು. ಓದುವವನು ಕೆಲಸ ಮಾಡುತ್ತಿದ್ದಾನೆ, ಕೆಲಸಕ್ಕೆ ಸಂಬಳ ಸಲ್ಲಬೇಕು ಎಂಬ ತಿಳಿವಳಿಕೆ ಆ ಪದದೊಳಗೇ ಇದೆ. ದಿನವೂ ಆ ಪದವನ್ನು ಬಳಸುವ ನಾವು ಅದರ ಅರ್ಥವನ್ನು ಮಾತ್ರ ಮರೆತಿದ್ದೇವೆ.

ನನ್ನ ತಂದೆ ಶಿವಮೊಗ್ಗದಲ್ಲಿ ವಾರಾನ್ನದ ಮೇಲೆ ಓದಿದವರು. ಈಗಿನ ಮಕ್ಕಳಿಗೆ ಈ ಪದವೇ ಗೊತ್ತಿಲ್ಲ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಯ ಊಟ ಗೊತ್ತುಮಾಡಿಕೊಂಡು ಓದುವುದು. ಅವರಿಗೆ ಗೊತ್ತುಮಾಡಿದ್ದ ಬುಧವಾರದ ಮನೆಯವರು ವರ್ಷದ ನಡುವೆ ವರ್ಗವಾಗಿ ಹೋದರು. ಬೇರೆ ಮನೆ ಸಿಗಲಿಲ್ಲ. ಎಪ್ಪತ್ತೈದು ದಾಟಿದ ಮೇಲೂ ಅಪ್ಪ ಹೇಳುತ್ತಿದ್ದರು: “ಆ ವರ್ಷ ನನಗೆ ಬುಧವಾರ ಇರಲಿಲ್ಲ ಕಣೆ.” ಒಂದು ಮನೆಯಲ್ಲಿ ಸೂತಕ ಬಂದರೆ ಅವತ್ತಿನ ಊಟ ಇಲ್ಲ, ಹಬ್ಬ ಬಂದರೆ ಊಟ ಮೂರು ಗಂಟೆಗೆ, ಅಷ್ಟರಲ್ಲಿ ಮಧ್ಯಾಹ್ನದ ತರಗತಿ ತಪ್ಪಿರುತ್ತಿತ್ತು. ಉಣ್ಣಿಸಿದವರು ಒಳ್ಳೆಯವರೇ, ಅವರ ಋಣವನ್ನು ನಮ್ಮ ಮನೆ ಮರೆತಿಲ್ಲ. ಆದರೆ ಆ ಅನ್ನ ಜಾತಿ ನೋಡಿ ಬಡಿಸುತ್ತಿದ್ದ ಅನ್ನ, ಅದನ್ನೂ ಹೇಳಲೇಬೇಕು. ಮುಂದೆ ಸಿದ್ಧಗಂಗೆಯಂಥ ಮಠಗಳ ಉಚಿತ ಪ್ರಸಾದ ನಿಲಯಗಳು, ಸರ್ಕಾರದ ಹಾಸ್ಟೆಲುಗಳು ಸಾವಿರಾರು ಮಕ್ಕಳಿಗೆ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ ಮೇಲೆಯೇ ಹಸಿವಿನ ಲೆಕ್ಕ ಬಿಟ್ಟು ಪುಸ್ತಕದ ಲೆಕ್ಕ ಮಾಡುವುದು ಬಡಮಕ್ಕಳಿಗೆ ಸಾಧ್ಯವಾದದ್ದು.

ಈಗ ನಿಮ್ಮನ್ನು ಸ್ವಲ್ಪ ದೂರ, ಅಮೆರಿಕದ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಎಂಬ ಊರಿಗೆ ಕರೆದೊಯ್ಯುತ್ತೇನೆ. ಅಲ್ಲಿನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ‘ಬಾರ್ಬರ್ ಸ್ಕಾಲರ್‌ಶಿಪ್’ ಎಂಬ ಒಂದು ವಿದ್ಯಾರ್ಥಿವೇತನ ಇದೆ. ಅದನ್ನು ಕೊಟ್ಟವರು ಲೆವಿ ಬಾರ್ಬರ್, ಡೆಟ್ರಾಯಿಟ್‌ನ ವಕೀಲರು. ಅದೇ ವಿಶ್ವವಿದ್ಯಾಲಯದಲ್ಲಿ ಓದಿ, ಆಮೇಲೆ ಅದರ ಆಡಳಿತ ಮಂಡಳಿಯ ಸದಸ್ಯರೂ ಆಗಿದ್ದವರು. ಪೂರ್ವ ಏಷ್ಯಾದ ಪ್ರವಾಸದಲ್ಲಿ ಅವರು, ತಮ್ಮ ವಿಶ್ವವಿದ್ಯಾಲಯದಲ್ಲೇ ವೈದ್ಯಕೀಯ ಓದಿ ತಾಯ್ನಾಡಿಗೆ ಮರಳಿದ್ದ ಮಹಿಳಾ ವೈದ್ಯರ ಕೆಲಸವನ್ನು ಕಣ್ಣಾರೆ ಕಂಡರು. ಚೀನಾದ ಮೇರಿ ಸ್ಟೋನ್ ಮತ್ತು ಐಡಾ ಕಾನ್ ಎಂಬ ಇಬ್ಬರು 1896ರಷ್ಟು ಹಿಂದೆಯೇ ಮಿಷಿಗನ್‌ನಿಂದ ವೈದ್ಯರಾಗಿ ಹೊರಬಂದಿದ್ದರು. ಇಬ್ಬರು ಮೂವರು ಹೆಣ್ಣುಮಕ್ಕಳಿಂದಲೇ ಇಷ್ಟು ಕೆಲಸವಾಗುವುದಾದರೆ, ವರ್ಷ ವರ್ಷವೂ ಏಷ್ಯಾದಿಂದ ಹೆಣ್ಣುಮಕ್ಕಳನ್ನು ಕರೆಸಿ ಓದಿಸಿದರೆ ಇನ್ನೆಷ್ಟು ಆದೀತು ಎಂದು ಅವರ ಮನಸ್ಸಿಗೆ ಬಂತು. ಬಂದು ಕಲಿಯಲಿ, ಕಲಿತದ್ದರಲ್ಲಿ ಒಳ್ಳೆಯದೆನಿಸಿದ್ದನ್ನು ತಮ್ಮ ಜನರ ನಡುವೆ ಕೊಂಡೊಯ್ಯಲಿ ಎಂಬುದಷ್ಟೇ ಅವರ ಆಸೆ. 1917ರಲ್ಲಿ ಅದಕ್ಕಾಗಿ ವಿಶ್ವವಿದ್ಯಾಲಯಕ್ಕೆ ಹಣ ಕೊಟ್ಟು ದತ್ತಿ ಸ್ಥಾಪಿಸಿದರು.

1917 ಎಂಬುದನ್ನು ಸ್ವಲ್ಪ ಗಮನಿಸಿ. ಅದೇ ವರ್ಷ ಅಮೆರಿಕದ ಸಂಸತ್ತು, ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದಿಂದ ಯಾರೂ ಬಂದು ನೆಲೆಸಬಾರದೆಂದು ಕಾಯ್ದೆ ಮಾಡಿತು. ವಿದ್ಯಾರ್ಥಿಗಳಿಗೆ ಮಾತ್ರ ಅದರಲ್ಲಿ ವಿನಾಯಿತಿ. ಅಮೆರಿಕದ ಹೆಣ್ಣುಮಕ್ಕಳಿಗೆ ದೇಶದಾದ್ಯಂತ ಮತದಾನದ ಹಕ್ಕು ಇನ್ನೂ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು 1920ರಲ್ಲಿ. ಹೆಬ್ಬಾಗಿಲಿಗೆ ದೇಶವೇ ಅಗುಳಿ ಹಾಕುತ್ತಿದ್ದ ಹೊತ್ತಿನಲ್ಲಿ ಒಬ್ಬ ವಕೀಲರು ಪಕ್ಕದ ಬಾಗಿಲು ತೆರೆದು, ಅದೂ ಹೆಣ್ಣುಮಕ್ಕಳಿಗಾಗಿ, ದೀಪ ಹಚ್ಚಿಟ್ಟರು. ಆ ದೀಪ ನೂರು ವರ್ಷ ದಾಟಿಯೂ ಉರಿಯುತ್ತಿದೆ. ಈಗಲೂ ಅಲ್ಲಿ ಏಷ್ಯಾದ ಹೆಣ್ಣುಮಕ್ಕಳು ಬಾರ್ಬರ್ ಸ್ಕಾಲರ್‌ಗಳಾಗಿ ಓದುತ್ತಿದ್ದಾರೆ.

ತಲಶ್ಶೇರಿಯ ಇ. ಕೆ. ಜಾನಕಿ ಅಮ್ಮಾಳ್ ಅಲ್ಲಿಗೆ ಹೋದದ್ದು ಈ ವೇತನದ ಮೇಲೆಯೇ. ಮದರಾಸಿನಲ್ಲಿ ಪಾಠ ಮಾಡುತ್ತಿದ್ದವರು 1920ರ ದಶಕದಲ್ಲಿ ಹಡಗು ಹತ್ತಿದರು, 1931ರಲ್ಲಿ ಸಸ್ಯವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ಅವರು ಮಾಡಿದ ಕೆಲಸ, 1945ರಲ್ಲಿ ವಿಜ್ಞಾನಿ ಡಾರ್ಲಿಂಗ್ಟನ್ ಜೊತೆಗೂಡಿ ಹೊರತಂದ ಕೃಷಿ ಸಸ್ಯಗಳ ವರ್ಣತಂತು ಕೋಶವೆಂಬ ಗ್ರಂಥ, ಇವನ್ನೆಲ್ಲ ಸಸ್ಯವಿಜ್ಞಾನ ಓದಿದವರು ಬಲ್ಲರು.

ನನಗೆ ಇನ್ನೂ ಹತ್ತಿರದವರು ನಮ್ಮ ನಂಜನಗೂಡಿನ ರಾಜೇಶ್ವರಿ ಚಟರ್ಜಿ. ನಾನು ಎಂ.ಎಸ್‌ಸಿ. ತರಗತಿಗೆ ಮೈಕ್ರೋವೇವ್ ಪಾಠ ಮಾಡಿದ್ದು ಅವರು ಬರೆದ ಪುಸ್ತಕ ಇಟ್ಟುಕೊಂಡು. ಈಗ ನನ್ನ ದನಿ ನಿಮ್ಮ ಮನೆಗೆ ತಲುಪುತ್ತಿರುವುದು ಯಾವ ವಿದ್ಯೆಯಿಂದಲೋ, ಆ ಆಂಟೆನಾಗಳ ವಿದ್ಯೆ ಅವರದು. 1922ರಲ್ಲಿ ಹುಟ್ಟಿದರು. ಅಜ್ಜಿ ಕಮಲಮ್ಮ ದಾಸಪ್ಪನವರು ಸ್ಥಾಪಿಸಿದ ಶಾಲೆಯಲ್ಲಿ ಅಕ್ಷರ ಕಲಿತರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದರು, ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಸಂಶೋಧನೆಗೆ ಸೇರಿದರು. ಸ್ವಾತಂತ್ರ್ಯ ಬರಲಿದ್ದ ಹೊತ್ತಿನಲ್ಲಿ ದೆಹಲಿಯ ಸರ್ಕಾರ ಚುರುಕಾದ ತರುಣ ವಿಜ್ಞಾನಿಗಳನ್ನು ಹೊರದೇಶಕ್ಕೆ ಕಳಿಸುವ ಯೋಜನೆ ಮಾಡಿತ್ತು. 1946ರಲ್ಲಿ ಅವರೂ ಆಯ್ಕೆಯಾದರು. 1947ರಲ್ಲಿ ಸುಮಾರು ಒಂದು ತಿಂಗಳ ಹಡಗು ಪ್ರಯಾಣ ಮಾಡಿ ಅಮೆರಿಕ ತಲುಪಿದರು, ಮಿಷಿಗನ್ ಸೇರಿದರು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸರ್ಕಾರದ ಹಣದಲ್ಲಿ ಅವರು ಸ್ನಾತಕೋತ್ತರ ಪದವಿ ಮುಗಿಸಿದರು. ಸರ್ಕಾರದೊಂದಿಗಿನ ಕರಾರಿನ ಪ್ರಕಾರ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕಗಳ ಸಂಸ್ಥೆಯಲ್ಲಿ, ರೇಡಿಯೋ ಕಂಪನಗಳನ್ನು ಅಳೆಯುವ ವಿಭಾಗದಲ್ಲಿ, ಎಂಟು ತಿಂಗಳು ತರಬೇತಿ ಪಡೆದರು. ಆ ಹಣದಿಂದ ಅವರಿಗೆ ಸಿಕ್ಕ ಓದು ಅಷ್ಟು. ಆದರೆ ಅವರಿಗೆ ಡಾಕ್ಟರೇಟ್ ಮಾಡಬೇಕಿತ್ತು. 1949ರಲ್ಲಿ ಮತ್ತೆ ಆ್ಯನ್ ಆರ್ಬರಿಗೆ ಮರಳಲು ಸಾಧ್ಯವಾದದ್ದು ಬಾರ್ಬರ್ ವೇತನದಿಂದ. ಪ್ರಾಧ್ಯಾಪಕ ವಿಲಿಯಂ ಗೂಲ್ಡ್ ಡೌ ಅವರ ಮಾರ್ಗದರ್ಶನದಲ್ಲಿ ಪಿಎಚ್‌.ಡಿ. ಮುಗಿಸಿ, 1953ರಲ್ಲಿ ಬೆಂಗಳೂರಿಗೆ ಬಂದು, ತಾವು ಹೊರಟಿದ್ದ ಅದೇ ಸಂಸ್ಥೆಯಲ್ಲಿ ಪಾಠಕ್ಕೆ ನಿಂತರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯ ಕಟ್ಟಿದರು. ಇಪ್ಪತ್ತು ಮಂದಿಗೆ ಪಿಎಚ್‌.ಡಿ. ಮಾಡಿಸಿದರು. ಆ ಇಪ್ಪತ್ತು ಮಂದಿಯ ಶಿಷ್ಯರು, ಶಿಷ್ಯರ ಶಿಷ್ಯರು ಎಷ್ಟಾದಾರು, ನೀವೇ ಲೆಕ್ಕ ಹಾಕಿ. ನಾನೂ ಆ ಸಾಲಿನ ಕೊನೆಯಲ್ಲೆಲ್ಲೋ ನಿಂತವಳು.

ಹಡಗು ಹತ್ತಿಸಿದ್ದು ಸರ್ಕಾರದ ಹಣ. ಪ್ರಬಂಧ ಮುಗಿಸಿಕೊಟ್ಟದ್ದು ವಿಶ್ವವಿದ್ಯಾಲಯದ ಹಣ. ಎರಡೂ ಬೇಕಿತ್ತು. ಆದರೆ ಎರಡನೆಯದು ಸಿಗದಿದ್ದರೆ ಅವರು ಸ್ನಾತಕೋತ್ತರ ಪದವಿಯೊಂದಿಗೇ ಮರಳಬೇಕಾಗುತ್ತಿತ್ತೋ ಏನೋ.

ಓದಿನ ಗಡುವು ಒಂದು, ಹಣದ ಗಡುವು ಇನ್ನೊಂದು ಆದಾಗ ಏನಾಗುತ್ತದೆಂಬುದನ್ನು ಬಾಬಾಸಾಹೇಬ್ ಅಂಬೇಡ್ಕರರಷ್ಟು ಕಠಿಣವಾಗಿ ಅನುಭವಿಸಿದವರು ಕಡಿಮೆ. 1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಅವರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಮರಳಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು. ಕೊಲಂಬಿಯಾದಿಂದ ಲಂಡನ್ನಿಗೆ ಹೋಗಿ ಓದು ನಡೆಸಿದ್ದಾಗ ವೇತನದ ಅವಧಿ ಮುಗಿಯಿತು. 1917ರಲ್ಲಿ ಅರ್ಧಕ್ಕೇ ಎದ್ದು ಬಂದರು. ಕರಾರಿನಂತೆ ಬರೋಡಕ್ಕೆ ಹೋದರೆ, ಆ ವಿದ್ವಾಂಸನಿಗೆ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರಸಿ ವಸತಿಗೃಹದಲ್ಲಿ ಜಾತಿ ಬಚ್ಚಿಟ್ಟುಕೊಂಡು ಇದ್ದವರನ್ನು ದೊಣ್ಣೆ ಹಿಡಿದು ಬಂದವರು ಹೊರಹಾಕಿದರು. ಮತ್ತೆ ಲಂಡನ್ನಿಗೆ ಹೋಗಲು ಅವರಿಗೆ 1920ರವರೆಗೆ ಕಾಯಬೇಕಾಯಿತು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಉಳಿಸಿದ ಹಣ, ಒಬ್ಬ ಪಾರಸಿ ಗೆಳೆಯ ಕೊಟ್ಟ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಎಲ್ಲವನ್ನೂ ಕೂಡಿಸಿ ಹೋದರು. ಬರೋಡದ ಆ ವೇತನ ಇಲ್ಲದಿದ್ದರೆ ಕೊಲಂಬಿಯಾ ಇಲ್ಲ. ಅದು ಇನ್ನೆರಡು ವರ್ಷ ಮುಂದುವರಿದಿದ್ದರೆ ಲಂಡನ್ನಿನ ಓದು ನಡುವೆ ಕಡಿಯುತ್ತಿರಲಿಲ್ಲ.

ಇರಲಿ, ಚನ್ನಗಿರಿಯ ಯಜಮಾನರಿಗೆ ಬೇಕಾಗಿದ್ದದ್ದು ಇವತ್ತಿನ ಲೆಕ್ಕ. ಅದನ್ನು ಹೇಳುತ್ತೇನೆ, ಪೆನ್ನು ಇದ್ದರೆ ಬರೆದುಕೊಳ್ಳಿ.

ಅಮೆರಿಕದಲ್ಲಿ ಎಂ.ಎಸ್. ಬೇರೆ, ಪಿಎಚ್‌.ಡಿ. ಬೇರೆ. ಎಂ.ಎಸ್.ಗೆ ಬಹುಮಟ್ಟಿಗೆ ನಾವೇ ಹಣ ಕಟ್ಟಬೇಕು. ನಮ್ಮ ಮಕ್ಕಳು ಲಕ್ಷಗಟ್ಟಲೆ ಸಾಲ ಮಾಡುವುದು ಹೆಚ್ಚಾಗಿ ಅದಕ್ಕೇ. ವಿಜ್ಞಾನ, ಎಂಜಿನಿಯರಿಂಗ್‌ನ ಪಿಎಚ್‌.ಡಿ.ಗೆ ಒಳ್ಳೆಯ ವಿಶ್ವವಿದ್ಯಾಲಯಗಳು ಸೀಟಿನ ಜೊತೆಗೆ ಹಣವನ್ನೂ ಕೊಡುತ್ತವೆ. ಬೋಧನಾ ಶುಲ್ಕ ಮಾಫಿ, ತಿಂಗಳ ಖರ್ಚಿಗೆ ವೇತನ, ಆರೋಗ್ಯ ವಿಮೆ. ಹಣವಿಲ್ಲದೆ ಬರಿಯ ಸೀಟು ಕೊಟ್ಟ ಕಡೆ ಪಿಎಚ್‌.ಡಿ.ಗೆ ಹೋಗಬೇಡಿ ಎಂದು ನಾನು ಎಲ್ಲ ಮಕ್ಕಳಿಗೂ ಹೇಳುತ್ತೇನೆ. ‘ಮೊದಲು ಸೇರಿಕೊಳ್ಳಿ, ಆಮೇಲೆ ಸಿಗುತ್ತದೆ’ ಎಂದು ಮಧ್ಯವರ್ತಿಗಳು ಹೇಳುವ ಮಾತನ್ನು ನಂಬಿ ತೋಟ ಕಳೆದುಕೊಂಡವರನ್ನು ನೋಡಿದ್ದೇನೆ.

ಆ ವೇತನ ಮೂರು ದಾರಿಯಲ್ಲಿ ಬರುತ್ತದೆ. ಪದವಿ ತರಗತಿಯ ಮಕ್ಕಳಿಗೆ ಪ್ರಯೋಗ ಮಾಡಿಸಿ, ಉತ್ತರಪತ್ರಿಕೆ ತಿದ್ದಿಕೊಟ್ಟು ಪಡೆಯುವುದು ಟೀಚಿಂಗ್ ಅಸಿಸ್ಟೆಂಟ್‌ಶಿಪ್. ಸಾಮಾನ್ಯವಾಗಿ ವಾರಕ್ಕೆ ಇಪ್ಪತ್ತು ಗಂಟೆಗೆ ಮೀರದ ಕೆಲಸ. ಪ್ರಾಧ್ಯಾಪಕರಿಗೆ ಬಂದ ಅನುದಾನದಲ್ಲಿ ಅವರ ಪ್ರಯೋಗಾಲಯದಲ್ಲಿ ದುಡಿದು ಪಡೆಯುವುದು ರಿಸರ್ಚ್ ಅಸಿಸ್ಟೆಂಟ್‌ಶಿಪ್. ಫೆಲೋಶಿಪ್ ಇವೆರಡಕ್ಕಿಂತ ಬೇರೆ. ಅಲ್ಲಿ ಬೇರೆ ಕೆಲಸದ ಹೊರೆ ಇಲ್ಲ, ನಿಮ್ಮ ಓದೇ ಕೆಲಸ. ಬಾರ್ಬರ್ ಅಂಥದು. ಬಹಳಷ್ಟು ಕಡೆ ಮೊದಲ ವರ್ಷ ಫೆಲೋಶಿಪ್, ನಡುವೆ ಪಾಠ ಅಥವಾ ಪ್ರಯೋಗಾಲಯ, ಪ್ರಬಂಧ ಬರೆಯುವ ಕೊನೆಯ ವರ್ಷ ಮತ್ತೆ ಫೆಲೋಶಿಪ್ ಎಂದು ಹೆಣೆದುಕೊಡುತ್ತಾರೆ. ಹೊಸ ಊರಿಗೆ ಹೋದ ಮೊದಲ ವರ್ಷ, ಎಲ್ಲವನ್ನೂ ಕೂಡಿಸಿ ಬರೆಯುವ ಕೊನೆಯ ವರ್ಷ, ಈ ಎರಡೂ ಕಾಲದಲ್ಲಿ ಮನಸ್ಸು ಒಂದೇ ಕಡೆ ಇರಬೇಕು. ಅದನ್ನು ಬಲ್ಲವರು ಮಾಡಿದ ಏರ್ಪಾಡು ಅದು.

ಅರ್ಜಿಗಳು ಹೆಚ್ಚಾಗಿ ಡಿಸೆಂಬರಿನಲ್ಲಿ ಮುಗಿಯುತ್ತವೆ. ಅಂದರೆ ಜೂನ್, ಜುಲೈಯಲ್ಲೇ ಕೆಲಸ ಶುರುಮಾಡಬೇಕು. ಮೂರು ಶಿಫಾರಸು ಪತ್ರ ಬೇಕು. ನಿಮ್ಮ ಕೆಲಸ ಕಂಡವರಿಂದಲೇ ಬರೆಸಿ, ದೊಡ್ಡ ಹುದ್ದೆಯವರ ಹಿಂದೆ ಬೀಳಬೇಡಿ. ನೀವು ಏನು ಸಂಶೋಧನೆ ಮಾಡಬೇಕೆಂದಿದ್ದೀರಿ, ಏಕೆ ಎಂಬುದನ್ನು ಎರಡು ಪುಟದಲ್ಲಿ ನಿಮ್ಮ ಮಾತಿನಲ್ಲೇ ಬರೆಯಬೇಕು. ಹಲವು ಕಡೆ ಅರ್ಜಿ ಶುಲ್ಕ ಕಟ್ಟಲು ಆಗದಿದ್ದರೆ ಮಾಫಿ ಕೇಳಬಹುದು, ಕೇಳಲು ನಾಚಿಕೆ ಬೇಡ. ಹಣದ ಪತ್ರ ಬಂದಾಗ ಅದನ್ನು ಕುಳಿತು ಓದಿ. ವೇತನ ಒಂಬತ್ತು ತಿಂಗಳಿಗೋ ಹನ್ನೆರಡು ತಿಂಗಳಿಗೋ? ಬೇಸಿಗೆಯಲ್ಲಿ ಏನು? ಎಷ್ಟು ವರ್ಷಕ್ಕೆ ಭರವಸೆ? ವಿಮೆ ಸೇರಿದೆಯೋ? ಈ ಪ್ರಶ್ನೆಗಳನ್ನು ಅವರಿಗೇ ಬರೆದು ಕೇಳಬಹುದು. ಇನ್ನೊಂದು ವಿಷಯ ನಮ್ಮ ಮಕ್ಕಳಿಗೆ ಗೊತ್ತಿರುವುದೇ ಇಲ್ಲ: ಅಲ್ಲಿನ ಹಲವಾರು ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡ ಒಪ್ಪಂದದ ಪ್ರಕಾರ ಏಪ್ರಿಲ್ 15ರವರೆಗೆ ಯೋಚಿಸಿ ಉತ್ತರ ಕೊಡುವ ಅವಕಾಶ ವಿದ್ಯಾರ್ಥಿಗೆ ಇರುತ್ತದೆ. ಅದಕ್ಕೆ ಮುಂಚೆ ಅವಸರ ಮಾಡಿದರೆ ಹೆದರಬೇಕಿಲ್ಲ. ಆದರೆ ಈಚೆಗೆ ಅಲ್ಲಿ ಸಂಶೋಧನೆಯ ಅನುದಾನಗಳಿಗೆ ಕತ್ತರಿ ಬಿದ್ದು ಕೆಲವು ವಿಭಾಗಗಳು ಸೀಟು ಕಡಿಮೆ ಮಾಡಿವೆ. ಆದ್ದರಿಂದ ಒಂದೇ ದೇಶವನ್ನು ನಂಬಿ ಕೂರಬೇಡಿ.

ಒಂದೇ ದೇಶ ಅಂದೆ. ನಮ್ಮ ದೇಶವನ್ನೇ ಮೊದಲು ನೋಡಿ. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಜೆ.ಆರ್‌.ಎಫ್‌., ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್, ದೊರೆತರೆ 2023ರ ಜನವರಿಯಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಹಿರಿಯ ಫೆಲೋ ಆದರೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಒಟ್ಟು ಐದು ವರ್ಷ. ಇದರಲ್ಲಿ ನನಗೆ ತುಂಬ ಇಷ್ಟವಾದ ಅಂಶವೆಂದರೆ, ಪಂಪನನ್ನು ಓದುವವಳಿಗೂ ಪರಮಾಣುವನ್ನು ಒಡೆಯುವವನಿಗೂ ಮೊತ್ತ ಒಂದೇ. ಕನ್ನಡ ಎಂ.ಎ. ಮಾಡಿದ ಮಕ್ಕಳೇ, ನಿಮ್ಮ ವಿಷಯಕ್ಕೂ ನೆಟ್ ಇದೆ, ಮರೆಯಬೇಡಿ. ಆದರೆ ನಮ್ಮ ರಾಜ್ಯದ ಕೆ-ಸೆಟ್ ಪರೀಕ್ಷೆ ಪಾಸಾದರೆ ಸಹಾಯಕ ಪ್ರಾಧ್ಯಾಪಕರಾಗುವ ಅರ್ಹತೆ ಮಾತ್ರ, ಫೆಲೋಶಿಪ್ ಇಲ್ಲ. ಎಂಜಿನಿಯರಿಂಗ್, ವಿಜ್ಞಾನದಲ್ಲಿ ಬಹಳ ಚೆನ್ನಾಗಿ ಓದಿದವರಿಗೆ ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ ಇದೆ; 2018ರಲ್ಲಿ ಶುರುವಾದಾಗ ಮೊದಲ ಎರಡು ವರ್ಷಕ್ಕೆ ತಿಂಗಳಿಗೆ 70,000 ಎಂದು ನಿಗದಿಯಾಗಿತ್ತು. ಪರಿಶಿಷ್ಟ ಜಾತಿಯ ಮಕ್ಕಳು ಹೊರದೇಶದಲ್ಲಿ ಓದಲು ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮ್ಮ ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆ. ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.

ಮೊತ್ತ ಸಾಲದು ಎಂಬ ದೂರು ನನ್ನದಲ್ಲ. ನನ್ನ ಸಂಕಟ ಬೇರೆ. ಹಣ ತಿಂಗಳಿಗೆ ಸರಿಯಾಗಿ ಬರುವುದಿಲ್ಲ.

ನಾನು ಸಂಶೋಧನೆ ಮಾಡುತ್ತಿದ್ದ ಕಾಲದಲ್ಲಿ ನಮ್ಮ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಫೆಲೋಶಿಪ್ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಲು ವಾರಗಳು ಹಿಡಿಯುತ್ತಿದ್ದವು. ಒಮ್ಮೆ ಒಂಬತ್ತು ತಿಂಗಳು ಒಂದು ಪೈಸೆ ಬರಲಿಲ್ಲ. ಹಾಸ್ಟೆಲ್ಲಿನ ಮೆಸ್ಸಿನ ಬಾಗಿಲಲ್ಲಿ ಕಪ್ಪು ಹಲಗೆ. ಅದರ ಮೇಲೆ ಬಾಕಿದಾರರ ಹೆಸರು, ಮುಂದೆ ಮೊತ್ತ. ನನ್ನ ಹೆಸರು ಮೇಲಿನಿಂದ ಮೂರನೆಯದು. ಊಟಕ್ಕೆ ಹೋಗುವಾಗ ಎಲ್ಲರೂ ಅದನ್ನು ದಾಟಿಯೇ ಹೋಗಬೇಕು. ನಾನು ಎಲ್ಲರೂ ಉಂಡು ಎದ್ದ ಮೇಲೆ, ಎರಡೂವರೆಗೆ ಹೋಗುತ್ತಿದ್ದೆ. ಅಡುಗೆಯ ಭಟ್ಟರು ಏನೂ ಕೇಳದೆ ತಟ್ಟೆ ಇಟ್ಟು, “ಸಾರು ಬಿಸಿ ಮಾಡ್ಲೇನಮ್ಮಾ?” ಅನ್ನುತ್ತಿದ್ದರು. ಅಪ್ಪನ ಬುಧವಾರ ನನಗೆ ಅರ್ಥವಾದದ್ದು ಆ ದಿನಗಳಲ್ಲಿ. ಪ್ರಯೋಗಾಲಯದಲ್ಲಿ ಮೈಕ್ರೋವೇವ್‌ನ ಕ್ಲಿಸ್ಟ್ರಾನ್ ಬೆಂಚಿನ ಮುಂದೆ ಕೂತು ಮೀಟರಿನ ಮುಳ್ಳು ಓದುತ್ತಿದ್ದರೆ ಕಣ್ಣಿಗೆ ಕಾಣುತ್ತಿದ್ದದ್ದು ಆ ಕಪ್ಪು ಹಲಗೆಯ ಅಂಕಿ. ಒಂದು ಇಡೀ ದಿನದ ಅಳತೆಗಳನ್ನು ತಪ್ಪಾಗಿ ಬರೆದುಕೊಂಡು, ವಾರದ ಮೇಲೆ ಅದು ಗೊತ್ತಾಗಿ ಮತ್ತೆ ಮೊದಲಿನಿಂದ ಮಾಡಿದ್ದೇನೆ. ಬಾಕಿಯೆಲ್ಲ ಒಟ್ಟಿಗೆ ಬಂತು, ನಿಜ. ಒಂದು ರೂಪಾಯಿಯೂ ಕಡಿಮೆ ಇರಲಿಲ್ಲ. ಆದರೆ ಕಳೆದುಹೋದ ಆ ಒಂಬತ್ತು ತಿಂಗಳ ಏಕಾಗ್ರತೆಯನ್ನು ಯಾವ ಬಾಕಿ ಬಿಲ್ಲಿನಲ್ಲಿ ಹಾಕಿಕೊಡುತ್ತಾರೆ?

ಈಗ ಕಾಲ ಬದಲಾಗಿದೆ. ಯುಜಿಸಿಯ ಫೆಲೋಶಿಪ್ ಹಣ ವಿದ್ಯಾರ್ಥಿಯ ಖಾತೆಗೆ ನೇರ ಜಮೆಯಾಗುತ್ತದೆ. ದೇಶದ ಸಂಶೋಧಕರ ಈ ಲೆಕ್ಕವನ್ನು ನೋಡಿಕೊಳ್ಳುವ ಜಾಲತಾಣ ಕೆನರಾ ಬ್ಯಾಂಕಿನದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಹುಟ್ಟುಹಾಕಿದ ಸಂಸ್ಥೆ ಅದು; ಅದಕ್ಕೂ ಮುಂಚೆ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲು ಕಟ್ಟಿದವರೂ ಅವರೇ. ಅಂಥವರ ಬ್ಯಾಂಕಿನ ಮೂಲಕ ಓದುವ ಮಕ್ಕಳಿಗೆ ಹಣ ಹೋಗುತ್ತಿದೆಯಲ್ಲ ಎಂದು ನನಗೆ ಒಂದು ಸಂತೋಷ. ಆದರೆ ಹಣ ಹೊರಡುವುದಕ್ಕೆ ಮೊದಲು ಪ್ರತಿ ತಿಂಗಳೂ ವಿಶ್ವವಿದ್ಯಾಲಯದ ಕಡೆಯಿಂದ ಈ ವಿದ್ಯಾರ್ಥಿ ಓದುತ್ತಿದ್ದಾನೆ ಎಂದು ದೃಢೀಕರಿಸಬೇಕು. ‘ಮೇಕರ್’ ಎಂಬ ಒಬ್ಬರು ತುಂಬಬೇಕು, ‘ಚೆಕರ್’ ಎಂಬ ಇನ್ನೊಬ್ಬರು ಒಪ್ಪಬೇಕು. ಎರಡು ಸಲ ಗುಂಡಿ ಒತ್ತುವ ಕೆಲಸ. ಒಬ್ಬರು ರಜೆ ಹಾಕಿದರೆ, ವರ್ಗವಾದರೆ, ಮರೆತರೆ, ಎಲ್ಲೋ ಒಂದು ಹಾಸ್ಟೆಲ್ ಕೋಣೆಯಲ್ಲಿ ಒಬ್ಬ ಹುಡುಗ ಗೆಳೆಯರ ಹತ್ತಿರ ಸಾಲ ಕೇಳಲು ಮಾತು ಹುಡುಕುತ್ತಿರುತ್ತಾನೆ.

ಕಚೇರಿಗಳಲ್ಲಿ ಈ ಕೆಲಸ ಮಾಡುವ ಅಣ್ಣಂದಿರು, ಅಕ್ಕಂದಿರು ಯಾರಾದರೂ ಈ ಮಾತು ಕೇಳುತ್ತಿದ್ದರೆ, ನಿಮ್ಮಲ್ಲಿ ಒಂದು ಬಿನ್ನಹ. ನಿಮ್ಮ ಸಂಬಳ ತಿಂಗಳ ಕೊನೆಗೆ ಬರುವಂತೆ ಆ ಮಕ್ಕಳದೂ ಬರಲಿ. ಮಾರ್ಗದರ್ಶಕರೂ ಅಷ್ಟೆ. ಹಾಜರಿ ಪತ್ರಕ್ಕೆ ಸಹಿ ಬೇಕೆಂದು ವಿದ್ಯಾರ್ಥಿ ಬಂದಾಗ ‘ನಾಳೆ ಬಾ’ ಅನ್ನಬೇಡಿ. ನಾನೂ ಒಮ್ಮೆ ಹಾಗೆ ಅಂದಿದ್ದೇನೆ. ಪರೀಕ್ಷೆಯ ಗಡಿಬಿಡಿ. ಆ ಹುಡುಗಿ ಏನೂ ಹೇಳದೆ ಹೋದಳು. ನಾಳೆ ಎರಡನೆಯ ಶನಿವಾರ, ನಾಡಿದ್ದು ಭಾನುವಾರ, ಸೋಮವಾರ ಹಬ್ಬದ ರಜೆ. ಅವಳು ಆ ತಿಂಗಳ ಪಟ್ಟಿಯಿಂದ ಬಿಟ್ಟುಹೋದಳು. ಗೊತ್ತಾದ ದಿನ ನನ್ನ ಹಳೆಯ ಕಪ್ಪು ಹಲಗೆ ನೆನಪಾಗಿ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ನಿವೃತ್ತಿಯಾಗುವವರೆಗೂ ತಿಂಗಳ ಇಪ್ಪತ್ತನೆಯ ತಾರೀಕು ನಾನೇ ಅವರನ್ನು ಕರೆದು ಸಹಿ ಮಾಡಿಕೊಡುತ್ತಿದ್ದೆ.

ಇಷ್ಟೆಲ್ಲ ಕೇಳಿದ ಮೇಲೆ ಚನ್ನಗಿರಿಯ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಮೆರಿಕದ ವಿಶ್ವವಿದ್ಯಾಲಯ ಸೇರಿಸಿಕೊಂಡ ಮೇಲೆ ಕಳಿಸುವ ಐ-20 ಎಂಬ ಪತ್ರದಲ್ಲಿ, ಓದಿನ ಖರ್ಚು ಎಷ್ಟು, ಆ ಹಣ ಎಲ್ಲಿಂದ ಬರುತ್ತದೆ ಎಂಬ ಕಲಂ ಇರುತ್ತದೆ, ಅಲ್ಲಿ ನಿಮ್ಮ ತೋಟದ ಬದಲು ವಿಶ್ವವಿದ್ಯಾಲಯವೇ ಕೊಡುವ ಹಣ ಅಚ್ಚಾಗಿ ಬರಬೇಕು ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರದ ನಕಲು ತೋರಿಸಿದೆ. ಅವರು ಓದಲಾಗದಿದ್ದರೂ ಆ ಕಲಮಿನ ಮೇಲೆ ಬೆರಳಿಟ್ಟು ನೋಡಿದರು. ಮಗಳು ಓದಿ ಹೇಳಿದಳು.

“ಹಂಗಾದ್ರೆ ಇವಳು ಅಲ್ಲಿ ಓದೋದೂ ಒಂದು ಕೆಲ್ಸದ ಲೆಕ್ಕ, ಅಲ್ವಾ ಮೇಡಂ?”

“ಹೌದು. ಕೆಲಸದ ಲೆಕ್ಕವೇ.”

“ದಿನಗೂಲಿನಾ, ತಿಂಗಳ ಸಂಬಳಾನಾ?”

“ತಿಂಗಳ ಸಂಬಳ,” ಅಂದೆ.

ಯಜಮಾನರು ಎದ್ದು ಹೆಗಲ ಟವೆಲ್ ಸರಿಮಾಡಿಕೊಂಡರು. “ಹಂಗಾದ್ರೆ ಹೋಗ್ಲಿ ಬಿಡಿ,” ಅಂದರು. ಹುಡುಗಿ ಚೀಲದಿಂದ ತನ್ನ ಎರಡು ಪುಟದ ಬರಹ ತೆಗೆದು ನನ್ನ ಮುಂದಿಟ್ಟಳು, ತಿದ್ದಿಕೊಡಿ ಎಂದು.